ಕೈಯಲ್ಲಿ ಸೊಲ್ಯೂಷನ್, ಜೇಬಲ್ಲಿ ರಿಂಗು: ಎರಡು ಫೋನ್ ಕಾಲ್ ಎತ್ತದೆ 24 ಮನೆಯ ಕೆಲಸ ಹೋಯಿತು

ಮುಕ್ಕಾಲಿಂಚು (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಪ್ಲಂಬರ್. ಮನೆ ಕುಲಶೇಖರದಲ್ಲಿ, ಕೆಲಸ ಬಿಕರ್ನಕಟ್ಟೆಯಿಂದ ಬಿಜೈವರೆಗೆ ಕರೆದಲ್ಲೆಲ್ಲ. 14 ವರ್ಷ ಆಯಿತು. ನಾನು, ಒಬ್ಬ ಹೆಲ್ಪರ್, ಒಂದು ಸ್ಕೂಟರ್. ಅಷ್ಟೇ ನಮ್ಮ ಕಂಪೆನಿ.

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಬಾತ್‌ರೂಮಿನಲ್ಲಿ ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್ ಪೈಪು) ಜಾಯಿಂಟ್ ಹಾಕುತ್ತಾ ಇದ್ದೆ. ಸೊಲ್ಯೂಷನ್, ಅಂದರೆ ಪೈಪಿನ ಅಂಟು, ಹಚ್ಚಿ ಆಗಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸೊಲ್ಯೂಷನ್ ಹಚ್ಚಿದ ಮೇಲೆ ಪೈಪನ್ನು ಕೂಡಲೇ ಎಲ್ಬೋದೊಳಗೆ (ಪೈಪು ತಿರುಗುವಲ್ಲಿ ಹಾಕುವ ಮೂಲೆ ತುಂಡು) ತಳ್ಳಬೇಕು, ಕಾಲು ಸುತ್ತು ತಿರುಗಿಸಬೇಕು, ಅರ್ಧ ನಿಮಿಷ ಗಟ್ಟಿ ಹಿಡಿದುಕೊಳ್ಳಬೇಕು. ಬೇಗ ಬಿಟ್ಟರೆ ಪೈಪು ತಾನಾಗಿ ಹಿಂದೆ ಜಾರುತ್ತದೆ. ಆ ಅರ್ಧ ನಿಮಿಷದಲ್ಲೇ ಫೋನ್ ರಿಂಗಾಯಿತು. ಎತ್ತದೆ ಬಿಟ್ಟೆ. ಮತ್ತೆ ರಿಂಗಾಯಿತು. ಮತ್ತೆ ಬಿಟ್ಟೆ. ಕೆಲಸ ಮುಗಿಸಿ, ಟೈಲ್ಸಿನವರ ಜೊತೆ ಚಾ ಕುಡಿದು ಫೋನ್ ನೋಡುವಾಗ ಗಂಟೆ 11.

ಕದ್ರಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ನಂಬರ್. 24 ಫ್ಲ್ಯಾಟ್. ಆರು ವರ್ಷದಿಂದ ಅಲ್ಲಿಯ ಎಲ್ಲ ಕೆಲಸ ನನ್ನದೇ. ವಾಪಸ್ ಮಾಡಿದೆ. "ಬೇರೆಯವರು ಬಂದು ಸರಿ ಮಾಡಿದ್ರು, ಪರವಾಗಿಲ್ಲ" ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅಲ್ಲಿಂದ ಇವತ್ತಿನವರೆಗೆ ಆ ಕಟ್ಟಡದಿಂದ ಒಂದು ಕಾಲೂ ಇಲ್ಲ.

ತಲೆಬಿಸಿಯಲ್ಲಿ ರಾತ್ರಿ ಕೂತು ಒಂದು ವಾರದ ಕಾಲ್ ಲಾಗ್ ಲೆಕ್ಕ ಹಾಕಿದೆ. 31 ಮಿಸ್ಡ್. ವಾಪಸ್ ಮಾಡಿದ್ದು 9.

ಫೋನ್ ಎತ್ತಬೇಕು ಅಂತ ನನಗೂ ಗೊತ್ತುಂಟು. ಆದರೆ ಕೈ ಒದ್ದೆ ಇದ್ದರೆ ಸ್ಕ್ರೀನ್ ಮಾತು ಕೇಳುವುದಿಲ್ಲ. ಸಂಪಿನೊಳಗೆ ಇಳಿದರೆ ಸಿಗ್ನಲ್ ಇಲ್ಲ. ಒಬ್ಬನೇ ದುಡಿಯುವವ ಎಂತ ಮಾಡುವುದು? ಉಳಿದವರು ಹೇಗೆ ಮಾಡುತ್ತೀರಿ ಹೇಳಿ.


ಕೆಂಪುಕಲ್ಲು (ಬಿಜೈ)

ನಾನು ಪ್ಲಂಬರ್ ಅಲ್ಲ, ಫೋನ್ ಮಾಡುವ ಕಡೆಯವ. ಈಚೆ ಬದಿ ಎಂತ ಆಗುತ್ತದೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಸಿಂಕಿನ ಕೆಳಗೆ ಕನೆಕ್ಷನ್ ಪೈಪು ಒಡೆಯಿತು. ಸಿಂಕಿನ ನೀರು ಮುಚ್ಚುವ ಆಂಗಲ್ ಕಾಕ್ ತಿರುಗಿಸಲು ಹೋದರೆ ಅದು ತುಕ್ಕು ಹಿಡಿದು ಅಲ್ಲಾಡುವುದಿಲ್ಲ. ಹೆಂಡತಿ ನೆಲ ಒರೆಸುತ್ತಾ ಇದ್ದಾಳೆ, ಅಪ್ಪ ಬೊಬ್ಬೆ ಹಾಕುತ್ತಾ ಇದ್ದಾರೆ, ನಾನು ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು ಇನ್ನೊಂದರಲ್ಲಿ ಫೋನ್ ಮಾಡುತ್ತಾ ಇದ್ದೇನೆ. ಆಮೇಲೆ ಕುತೂಹಲಕ್ಕೆ ಅದೇ ಪೈಪಿನಡಿ ಬಕೆಟ್ ಇಟ್ಟು ನೋಡಿದೆ. 10 ಲೀಟರಿನ ಬಕೆಟ್ ತುಂಬಲು 50 ಸೆಕೆಂಡ್. ಅಂದರೆ ನಿಮಿಷಕ್ಕೆ 12 ಲೀಟರ್. ನಮ್ಮ ಟೆರೇಸಿನ 1000 ಲೀಟರ್ ಟ್ಯಾಂಕ್ ಪೂರ್ತಿ ಅಡುಗೆಮನೆಗೆ ಇಳಿಯಲು ಒಂದೂವರೆ ಗಂಟೆಯೂ ಬೇಡ. ನೀವು ಚಾ ಕುಡಿದು ವಾಪಸ್ ಕಾಲ್ ಮಾಡುವಾಗ ಇಲ್ಲಿ ಸೋರಲು ನೀರೇ ಉಳಿದಿರುವುದಿಲ್ಲ.

ನಾಲ್ಕು ಜನಕ್ಕೆ ಮಾಡಿದೆ. ಯಾರೂ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಅಲ್ವಾ, ತಪ್ಪು ಹೇಳುವುದಿಲ್ಲ. ಐದನೆಯವರು ಎತ್ತಿದರು. ಅವರು ಬರಲಿಲ್ಲ! "ನಾನು ಸುರತ್ಕಲ್‌ನಲ್ಲಿ ಇದ್ದೇನೆ, ಬರುವಾಗ ಸಂಜೆ ನಾಲ್ಕು ಆಗ್ತದೆ. ನೀವು ಈಗ ಟೆರೇಸಿಗೆ ಹೋಗಿ, ಟ್ಯಾಂಕಿನ ಬುಡದಲ್ಲಿ ವಾಲ್ವ್ ಉಂಟು, ಅದನ್ನು ಮುಚ್ಚಿ. ಗೀಸರಿನ ಸ್ವಿಚ್ ಆಫ್ ಮಾಡಿ, ನೀರಿಲ್ಲದೆ ಕಾಯಿಲ್ ಸುಡುವುದು ಬೇಡ" ಎಂದರು. 40 ಸೆಕೆಂಡಿನ ಮಾತು. ಓಡಿ ಹೋಗಿ ಮುಚ್ಚಿದೆ. ನೀರು ನಿಂತಿತು. ಹನ್ನೆರಡು ವರ್ಷದಿಂದ ಅದೇ ಮನೆಯಲ್ಲಿ ಇದ್ದೇನೆ, ಆ ವಾಲ್ವ್ ಎಲ್ಲಿದೆ ಅಂತ ನನಗೆ ಗೊತ್ತಾದದ್ದು ಅವತ್ತು.

ಸಂಜೆ ನಾಲ್ಕೂವರೆಗೆ ಬಂದರು. ಆಮೇಲೆ ಸೋಲಾರಿನ ಲೈನು ಅವರದ್ದೇ, ತಂಗಿಯ ಹೊಸ ಮನೆ ಅವರದ್ದೇ. ಮೊದಲ ನಾಲ್ಕು ಜನ ಅವರಿಗಿಂತ ಒಳ್ಳೆಯ ಕೆಲಸಗಾರರೂ ಇರಬಹುದು. ನನಗೆ ತಿಳಿಯುವ ದಾರಿ ಇಲ್ಲ.


ಗೋಳಿಬಜೆ

ನಮ್ಮ ಪ್ಲಂಬರ್ ಫೋನ್ ಮೊದಲ ರಿಂಗಿಗೇ ಎತ್ತುತ್ತಾರೆ. "ಇಕೊಳ್ಳಿ, ಹೊರಟೆ" ಎನ್ನುತ್ತಾರೆ. ಅವರು ಹೊರಟು ಇವತ್ತಿಗೆ ಮೂರನೇ ದಿನ.


ಪೈಪ್‌ರೆಂಚ್ (ಉಡುಪಿ)

22 ವರ್ಷದಿಂದ ಇದೇ ಕೆಲಸ ಮಾಡುವವನಾಗಿ ಬರೆಯುತ್ತೇನೆ, ಸ್ವಲ್ಪ ಖಾರ ಆದೀತು.

ಕೆಂಪುಕಲ್ಲು ಅವರೇ, ನಿಮ್ಮ ಮನೆಯ ಬಾತ್‌ರೂಮಿನಲ್ಲಿ ನಾನು ಕೆಲಸ ಮಾಡುವಾಗ ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಮಾತಾಡಿದರೆ ನೀವು ಸುಮ್ನೆ ಇರುತ್ತೀರಾ? "ದಿನಗೂಲಿ ತಗೊಂಡು ಫೋನಿನಲ್ಲೇ ಇರ್ತಾರೆ" ಅಂತ ನನ್ನ ಬೆನ್ನ ಹಿಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಎದುರಿಗಿರುವ ಗಿರಾಕಿಗೂ ಒಂದು ಮರ್ಯಾದೆ ಉಂಟು.

ಆದರೆ ಮುಕ್ಕಾಲಿಂಚು ತಮ್ಮಾ, ನಿಜ ಹೇಳು. 31ರಲ್ಲಿ ಕೈ ಒದ್ದೆ ಇದ್ದದ್ದಕ್ಕೆ ಬಿಟ್ಟದ್ದು ಎಷ್ಟು? ನನ್ನದು ಹೇಳುತ್ತೇನೆ. ಮೇ ತಿಂಗಳಲ್ಲಿ ಮುಂಬೈಯಿಂದ ಎಲ್ಲರೂ ಊರಿಗೆ ಬರುತ್ತಾರೆ. ಹನ್ನೊಂದು ತಿಂಗಳು ಬೀಗ ಹಾಕಿದ ಮನೆ. ನಳ್ಳಿಯ ವಾಷರ್ ಒಣಗಿ ಸೀಳಿರುತ್ತದೆ, ಫ್ಲಶ್ ಟ್ಯಾಂಕಿನ ರಬ್ಬರ್ ಕಲ್ಲಾಗಿರುತ್ತದೆ, ಬಾವಿಯೊಳಗೆ ಪೈಪಿನ ತುದಿಯಲ್ಲಿ ನೀರು ತಡೆದಿಡುವ ಫೂಟ್ ವಾಲ್ವ್ ಹಿಡಿಯುವುದಿಲ್ಲ. ಬಂದು ಇಳಿದ ದಿನವೇ ಎಲ್ಲರಿಗೂ ನಾನೇ ಬೇಕು. ಮನೆದೇವರ ಪೂಜೆ ನಾಳೆ, ನೆಂಟರು ನಾಡಿದ್ದು. ಫೋನ್ ರಿಂಗಾಗುವಾಗ ಹೆಸರು ಕಾಣುತ್ತದೆ. ಕೈ ಒಣಗಿಯೇ ಇರುತ್ತದೆ. ಆದರೂ ಎತ್ತುವುದಿಲ್ಲ. ಯಾಕೆ? ಎತ್ತಿದರೆ "ಆಗುವುದಿಲ್ಲ" ಎನ್ನಬೇಕು. ಅವರ ತಂದೆಯ ಕಾಲದಿಂದ ಪರಿಚಯ. ಹಾಗೆ ಹೇಳಲು ಬಾಯಿ ಬರುವುದಿಲ್ಲ. ಎತ್ತಿದರೆ "ನಾಳೆ ಬರ್ತೇನೆ" ಅಂತ ಸುಳ್ಳು ಹೇಳಬೇಕಾಗುತ್ತದೆ. ಸುಳ್ಳು ಹೇಳುವ ಬದಲು ಎತ್ತದೆ ಇರುವುದು ಒಳ್ಳೆಯದು ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುತ್ತೇನೆ.

ಜನ ಇದನ್ನು ಅಹಂಕಾರ ಎನ್ನುತ್ತಾರೆ. ಮಾರಾಯ್ರೆ, ಇದು ದಾಕ್ಷಿಣ್ಯ.


ಮುಕ್ಕಾಲಿಂಚು

ಪೈಪ್‌ರೆಂಚ್ ಅಣ್ಣ, ನೀವು ನನ್ನ ಹೊಟ್ಟೆಯೊಳಗಿನ ಮಾತು ಹೊರಗೆ ಹಾಕಿದಿರಿ. ಈಗ ಮತ್ತೆ ಲಾಗ್ ತೆಗೆದು ಕೂತೆ. 31ರಲ್ಲಿ ಸಾಲ, ಕ್ರೆಡಿಟ್ ಕಾರ್ಡಿನವರು 5. ಒಬ್ಬರೇ ಮೂರು ನಾಲ್ಕು ಸಲ ಮಾಡಿದ್ದು ಸೇರಿ 10. ನಿಜವಾಗಿ ಕೈ ಕೆಲಸದಲ್ಲಿ ಇದ್ದದ್ದು 7 ಅಂತ ಇಟ್ಟುಕೊಳ್ಳುವ. ಉಳಿದ 9 ನಾನು ನೋಡಿ ಬಿಟ್ಟದ್ದು. ಅದರಲ್ಲಿ ಒಬ್ಬರಿಗೆ "ಸೋಮವಾರ ಬರ್ತೇನೆ" ಎಂದಿದ್ದೆ. ಯಾವ ಸೋಮವಾರ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.


ಅಕ್ಕನ ಡೈರಿ (ಕಾಪು)

ನನ್ನ ಯಜಮಾನರು ಪ್ಲಂಬರ್. ನಾಲ್ಕು ವರ್ಷದಿಂದ ಅವರ ಫೋನ್ ನನ್ನ ಹತ್ತಿರ ಇರುತ್ತದೆ. ಅವರ ಕಿಸೆಯಲ್ಲಿ ಬೇರೆ ನಂಬರ್, ಅದು ನನಗೆ ಮತ್ತು ಹಾರ್ಡ್‌ವೇರ್ ಅಂಗಡಿಗೆ ಮಾತ್ರ ಗೊತ್ತು. ನಾನು ಮನೆಯಲ್ಲಿ ಬೀಡಿ ಕಟ್ಟುತ್ತೇನೆ. ಬೀಡಿ ಎಲೆಯ ಮೊರದ ಪಕ್ಕದಲ್ಲಿ ಫೋನ್, ಫೋನಿನ ಪಕ್ಕದಲ್ಲಿ ಒಂದು ಹಳೆಯ ಡೈರಿ. ಮೂರು ರಿಂಗಿನೊಳಗೆ ಎತ್ತುತ್ತೇನೆ.

ಮೊದಮೊದಲು "ಅವರಿಲ್ಲ, ಬಂದ ಮೇಲೆ ಹೇಳ್ತೇನೆ" ಎನ್ನುತ್ತಾ ಇದ್ದೆ. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಗಿರಾಕಿ ಇಟ್ಟ ಕೂಡಲೇ ಇನ್ನೊಬ್ಬರಿಗೆ ಮಾಡುತ್ತಾರೆ. ಈಗ ನಾನೇ ಕೇಳುತ್ತೇನೆ. ಮೊದಲ ಪ್ರಶ್ನೆ ಒಂದೇ: "ನೀರು ಈಗ ಹರೀತಾ ಉಂಟಾ, ನಿಂತಿದೆಯಾ?" ಹರಿಯುತ್ತಾ ಇದ್ದರೆ ವಾಲ್ವ್ ಎಲ್ಲಿ ಮುಚ್ಚುವುದು ಅಂತ ಹೇಳಿಕೊಡುತ್ತೇನೆ. ನಿಂತಿದ್ದರೆ ಅವಸರ ಇಲ್ಲ. ಬೆಳಿಗ್ಗೆಯಿಂದ ಅವಸರ ಅವಸರ ಅಂತ ಬರುವ ಫೋನುಗಳಲ್ಲಿ ಹೆಚ್ಚಿನವು ಆ ಒಂದು ಪ್ರಶ್ನೆಗೇ ತಣ್ಣಗಾಗುತ್ತವೆ.

ಆಮೇಲೆ ಪೈಪಿನ ಬಣ್ಣ ಕೇಳುತ್ತೇನೆ. ಬಿಳಿಯಾ, ಕ್ರೀಮ್ ಬಣ್ಣದ್ದಾ, ಕಬ್ಬಿಣದ್ದಾ? ಬಿಳಿ ಯುಪಿವಿಸಿ, ಕ್ರೀಮ್ ಬಣ್ಣದ್ದು ಸಿಪಿವಿಸಿ. ಎರಡೂ ಮುಕ್ಕಾಲಿಂಚು ಅಂದರೂ ಹೊರ ಅಳತೆ ಬೇರೆ, ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ಕಬ್ಬಿಣದ್ದು ಅಂದರೆ ಹಳೆಯ ಮನೆ, ಬಾವಿಯ ನೀರು ಒಳಗಿಂದ ತಿಂದಿರುತ್ತದೆ, ಒಂದು ಕಡೆ ಮುಟ್ಟಿದರೆ ಮೂರು ಕಡೆ ಬಿಚ್ಚುತ್ತದೆ. ಅದಕ್ಕೆ ಅರ್ಧ ದಿನ ಬೇಕು. ಇದನ್ನೆಲ್ಲ ನಾನು ಕಲಿತದ್ದು ಫೋನಿನಲ್ಲೇ. ರೆಂಚು ಹಿಡಿದು ಗೊತ್ತಿಲ್ಲ. ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿ ಎನ್ನುತ್ತೇನೆ. ಫೋಟೋ ಬಂದರೆ ಯಜಮಾನರಿಗೆ ಅಂಗಡಿಗೆ ಎರಡನೇ ಸಲ ಓಡುವ ಕೆಲಸ ತಪ್ಪುತ್ತದೆ.

ಸಮಯ ಮಾತ್ರ ಗಂಟೆ ಲೆಕ್ಕದಲ್ಲಿ ಹೇಳುವುದಿಲ್ಲ. "ಮಧ್ಯಾಹ್ನದ ಒಳಗೆ" ಅಥವಾ "ಮಧ್ಯಾಹ್ನದ ಮೇಲೆ". ಆಗದಿದ್ದರೆ ಆಗುವುದಿಲ್ಲ ಅಂತಲೇ ಹೇಳುತ್ತೇನೆ. ಪೈಪ್‌ರೆಂಚ್ ಅಣ್ಣ ಹೇಳಿದ ದಾಕ್ಷಿಣ್ಯ ನನ್ನ ಯಜಮಾನರಿಗೂ ಜಾಸ್ತಿ. ನನಗೆ ಇಲ್ಲ. ಯಾಕೆಂದರೆ ಅವರ ಮುಖ ನಾನು ನೋಡುವುದಿಲ್ಲ! "ಇವತ್ತು ನಾಳೆ ಎರಡು ದಿನ ಆಗುವುದೇ ಇಲ್ಲ, ಶುಕ್ರವಾರ ಆದೀತು, ಕಾಯ್ತೀರಾ?" ಅಂತ ಕೇಳಿದರೆ ಅರ್ಧ ಜನ ಕಾಯುತ್ತಾರೆ. ಉಳಿದವರಿಗೆ ಬೇರೆಯವರ ನಂಬರ್ ಕೊಡುತ್ತೇನೆ. ಅವರೂ ಮುಂದಿನ ಸಲ ಮತ್ತೆ ನಮಗೇ ಮಾಡುತ್ತಾರೆ.

ರಾತ್ರಿ ಎಂಟಕ್ಕೆ ಊಟದ ಮೊದಲು ಇಬ್ಬರೂ ಕೂತು ಡೈರಿ ನೋಡುತ್ತೇವೆ. ಹೋಗಲು ಆಗದ ಮನೆಗೆ ನಾನೇ ಫೋನ್ ಮಾಡಿ "ಇವತ್ತು ಆಗಲಿಲ್ಲ" ಎನ್ನುತ್ತೇನೆ. ಅದಕ್ಕೆ ಬೈದವರು ಇಲ್ಲವೇ ಇಲ್ಲ ಎನ್ನಬಹುದು. ಬೈಯುವುದು ಹೇಳದೆ ಇದ್ದರೆ.

ಇದಕ್ಕೆ ನನಗೆ ಸಂಬಳ ಎಷ್ಟು ಅಂತ ಯಾರೂ ಕೇಳಬೇಡಿ. ಆ ಚರ್ಚೆ ನಮ್ಮ ಮನೆಯಲ್ಲಿ ಬೇರೆ ನಡೆಯುತ್ತಾ ಉಂಟು.


ಗೋಳಿಬಜೆ

ಅಕ್ಕಾ, ನಿಮ್ಮ ಯಜಮಾನರ ನಂಬರ್ ಬೇಡ. ನಿಮ್ಮ ನಂಬರ್ ಕೊಡಿ, ನನ್ನ ಪ್ಲಂಬರಿಗೆ ಕೊಡುತ್ತೇನೆ.


ಸಾಮಾನಿನ ಅಂಗಡಿ (ಉಡುಪಿ)

ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುವವ. ಪ್ಲಂಬರುಗಳಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ, ಯಾರೂ ಸಿಟ್ಟು ಮಾಡಬಾರದು.

ದಿನಕ್ಕೆ ಇಬ್ಬರು ಮೂವರಾದರೂ ಬಂದು "ಒಳ್ಳೆಯ ಪ್ಲಂಬರ್ ಯಾರಾದ್ರೂ ಇದ್ದಾರಾ?" ಅಂತ ಕೇಳುತ್ತಾರೆ. ಕ್ಯಾಶ್ ಡ್ರಾಯರಿನೊಳಗೆ ಒಂದು ಚೀಟಿ ಅಂಟಿಸಿದ್ದೇನೆ, ಒಂಬತ್ತು ನಂಬರ್. ಮೊದಲು ಕೈಕೆಲಸದ ಲೆಕ್ಕದಲ್ಲಿ ಬರೆದಿದ್ದೆ. ಈಗ ಆ ಲೆಕ್ಕ ಉಳಿದಿಲ್ಲ. ಗಿರಾಕಿ ಕೌಂಟರಿನ ಎದುರೇ ನಿಂತು ಫೋನ್ ಮಾಡುತ್ತಾರೆ. ಎತ್ತದಿದ್ದರೆ ನನ್ನ ಮುಖ ನೋಡುತ್ತಾರೆ. ನಾನು ಮುಂದಿನ ನಂಬರ್ ಹೇಳಬೇಕು. ಎರಡು ಮೂರು ಸಲ ಹಾಗಾದರೆ ಆ ಹೆಸರು ಬಾಯಿಗೆ ಬರುವುದೇ ನಿಲ್ಲುತ್ತದೆ. ಚೀಟಿಯ ಮೇಲ್ತುದಿಯಲ್ಲಿ ಈಗ ಇರುವ ಹುಡುಗ ಕೆಲಸದಲ್ಲಿ ಸಾಧಾರಣ. ಜಾಯಿಂಟಿಗೆ ಟೇಪ್ ಜಾಸ್ತಿ ಸುತ್ತುತ್ತಾನೆ. ಆದರೆ ಎತ್ತುತ್ತಾನೆ. ಐದನೇ ಸ್ಥಾನದಲ್ಲಿ ಇರುವವರು ಹಳೆಯ ಕಬ್ಬಿಣದ ಲೈನಿಗೆ ಈ ಊರಲ್ಲೇ ಗಟ್ಟಿಗರು. ಅವರಿಗೆ ಕೆಲಸ ಕಡಿಮೆ ಆಗಿದೆ ಅಂತ ಮೊನ್ನೆ ನನ್ನ ಹತ್ತಿರವೇ ಬೇಸರ ಮಾಡಿಕೊಂಡರು. ಕಾರಣ ಹೇಳಲು ನನಗೆ ಆಗಲಿಲ್ಲ. ದಾಕ್ಷಿಣ್ಯ ನನಗೂ ಉಂಟಲ್ಲ.


ಪೈಪ್‌ರೆಂಚ್

ಆ ಐದನೆಯವ ನಾನಲ್ಲ ಅಂತ ನಂಬುತ್ತೇನೆ.


ಸಾಮಾನಿನ ಅಂಗಡಿ

🙂


ಮರಳುಗಾಡಿನ ಮಗ (ದುಬೈ)

ಊರು ಕಟಪಾಡಿ ಹತ್ತಿರ. ಮನೆಯಲ್ಲಿ ಅಮ್ಮ ಒಬ್ಬರೇ, 74 ವರ್ಷ. ನಮ್ಮಂಥ ಮನೆಗಳು ಕರಾವಳಿಯಲ್ಲಿ ಎಷ್ಟುಂಟು ಅಂತ ಪ್ಲಂಬರುಗಳಿಗೇ ಚೆನ್ನಾಗಿ ಗೊತ್ತು. ಹಣ ಕೊಡುವವರು ಗಲ್ಫಿನಲ್ಲಿ, ಬಾಗಿಲು ತೆಗೆಯುವವರು ಊರಲ್ಲಿ.

ಇಲ್ಲಿಂದ ನಾನು ಫೋನ್ ಮಾಡಿದರೆ 971ರಿಂದ ಶುರುವಾಗುವ ನಂಬರ್ ಬೀಳುತ್ತದೆ. ಮೋಸದ ಕಾಲ್ ಅಂತ ಯಾರೂ ಎತ್ತುವುದಿಲ್ಲ. ವಾಟ್ಸಾಪ್ ಕಾಲ್ ಮಾಡುವ ಅಂದರೆ ದುಬೈಯಲ್ಲಿ ಅದಕ್ಕೆ ತಡೆ ಉಂಟು. ಇಲ್ಲಿಯ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ. ನನ್ನ ಕೆಲಸ ಮುಗಿದು ಎಂಟಕ್ಕೆ ಕೂತರೆ ಅಲ್ಲಿ ಒಂಬತ್ತೂವರೆ. ಆಗ ಯಾರಿಗೆ ಫೋನ್ ಮಾಡುವುದು? ವಾಯ್ಸ್ ಮೆಸೇಜ್ ಹಾಕುತ್ತೇನೆ. ಎರಡು ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಬೇರೆ ಆ್ಯಪಿನ ವಿಡಿಯೋ ಕಾಲಿನಲ್ಲಿ ಅಮ್ಮನ ಹಿಂದೆ ಒಂದು ಬಕೆಟ್ ಕಂಡಿತು. ಕೇಳಿದರೆ ವಾಷ್ ಬೇಸಿನಿನ ಕೆಳಗೆ 11 ದಿನದಿಂದ ಹನಿಯುತ್ತಾ ಇದೆಯಂತೆ. "ಪ್ಲಂಬರಿಗೆ ಒಮ್ಮೆ ಮಾಡಿದೆ, ಎತ್ತಲಿಲ್ಲ. ಪಾಪ, ಎಲ್ಲಿ ಕೆಲಸದಲ್ಲಿ ಇದ್ದಾರೋ, ಮತ್ತೆ ಮತ್ತೆ ಮಾಡಿ ಉಪದ್ರ ಯಾಕೆ ಕೊಡುವುದು" ಎಂದರು. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ ಸುಮಾರು 4 ಲೀಟರ್. ಪ್ರತಿ ದಿನ ಆ ಬಕೆಟನ್ನು ಅವರೇ ಎತ್ತಿ ಅಂಗಳದ ಮಲ್ಲಿಗೆ ಬುಡಕ್ಕೆ ಹೊಯ್ಯುತ್ತಾ ಇದ್ದರು.

ಅಮ್ಮನ ತಲೆಮಾರಿನವರು ಎರಡನೇ ಸಲ ಫೋನ್ ಮಾಡುವುದಿಲ್ಲ. ಅವರ ಒಂದು ಮಿಸ್ಡ್ ಕಾಲನ್ನು ಹತ್ತು ಅಂತ ಲೆಕ್ಕ ಹಾಕಿ. 0824, 0820ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರ್ ಕಂಡರೆ ದಯವಿಟ್ಟು ಮೊದಲು ಅದಕ್ಕೆ ವಾಪಸ್ ಮಾಡಿ. ಅಲ್ಲಿ ಯಾರೋ ವಯಸ್ಸಾದವರು ಫೋನಿನ ಪಕ್ಕದಲ್ಲೇ ಕಾದು ಕೂತಿರುತ್ತಾರೆ.


ಅಕ್ಕನ ಡೈರಿ

ಇದನ್ನು ಓದಿ ನಾಳೆಯ ಪುಟದಲ್ಲಿ ಎರಡು ನಂಬರ್ ಬರೆದಿಟ್ಟೆ. ಎರಡೂ ಲ್ಯಾಂಡ್‌ಲೈನ್.


ನೆಟ್‌ವರ್ಕ್ ಇಲ್ಲ (ದೇರಳಕಟ್ಟೆ)

ನಾನು ಮೊಬೈಲ್ ರಿಪೇರಿ ಮಾಡುವವ. ಮುಕ್ಕಾಲಿಂಚು ಅಣ್ಣ, ನಿಮ್ಮ ಒದ್ದೆ ಬೆರಳಿಗೆ ಮದ್ದು ಬಹಳ ಸುಲಭ. ಕೀಪ್ಯಾಡ್ ಫೋನ್. ನಿಮ್ಮ ಕೆಲಸದ ಸಿಮ್ ಅದಕ್ಕೆ ಹಾಕಿ. ಟಚ್ ಸ್ಕ್ರೀನ್ ಬೆರಳಿನ ವಿದ್ಯುತ್ತಿನ ಗುಣ ನೋಡಿ ಕೆಲಸ ಮಾಡುವುದು, ನೀರು ಬಿದ್ದರೆ ಅದಕ್ಕೆ ಗಲಿಬಿಲಿ. ಹಸಿರು ಬಟನಿಗೆ ಆ ರಗಳೆ ಇಲ್ಲ, ಮೊಣಕೈಯಲ್ಲಿ ಒತ್ತಿದರೂ ಎತ್ತುತ್ತದೆ.

ಸಂಪಿನ ಸಮಸ್ಯೆಗೆ ಕಾಲ್ ಫಾರ್ವರ್ಡ್ ಹಾಕಿ. ಫೋನಿನ ಸೆಟ್ಟಿಂಗಿನೊಳಗೆ ಎತ್ತದಿದ್ದಾಗ, ಬ್ಯುಸಿ ಇದ್ದಾಗ, ಸಿಗದಿದ್ದಾಗ ಅಂತ ಮೂರು ಬೇರೆ ಬೇರೆ ಇರುತ್ತದೆ. ಮೂರಕ್ಕೂ ಮನೆಯ ನಂಬರ್ ಹಾಕಿ. ಬಹಳ ಜನ ಮೊದಲನೆಯದ್ದು ಮಾತ್ರ ಹಾಕಿ, ಸಂಪಿಗೆ ಇಳಿದಾಗ ಯಾಕೆ ಆಗುವುದಿಲ್ಲ ಅಂತ ನನ್ನ ಹತ್ತಿರ ಬರುತ್ತಾರೆ. ಆದರೆ ಯಾರೋ ಫೋನ್ ಮಾಡಿ "*401# ಒತ್ತಿ, ಆಮೇಲೆ ಈ ನಂಬರ್ ಹಾಕಿ" ಎಂದರೆ ಒತ್ತಬೇಡಿ. ಅದು ನಿಮ್ಮ ಎಲ್ಲ ಕಾಲನ್ನು ಕಳ್ಳರ ನಂಬರಿಗೆ ತಿರುಗಿಸುವ ಉಪಾಯ. ಅದರ ಕಾಟ ಜಾಸ್ತಿ ಆಗಿಯೇ 2024ರ ಏಪ್ರಿಲ್ 15ರಿಂದ ಆ ರೀತಿ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯ ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪೆನಿಗಳಿಗೆ ಹೇಳಿದ್ದು.

ಗುರುತಿಲ್ಲದ ನಂಬರ್ ಎತ್ತುವುದಿಲ್ಲ ಎನ್ನುವವರಿಗೆ: 140ರಿಂದ ಶುರುವಾದರೆ ಜಾಹೀರಾತು, 1600 ಅಂದರೆ ಬ್ಯಾಂಕಿನಂಥವರು. ಅವೆರಡನ್ನು ಬಿಡಿ. ಉಳಿದದ್ದರಲ್ಲೂ ಸಾಲದವರು ಇರುತ್ತಾರೆ, ಹೌದು. ಆದರೆ ಹೊಸ ಗಿರಾಕಿ ಅಂದರೆ ಗುರುತಿಲ್ಲದ ನಂಬರೇ ಅಲ್ವಾ?

ವಾಟ್ಸಾಪ್ ಬಿಸಿನೆಸ್ಸಿನಲ್ಲಿ "ಈಗ ಕೆಲಸದಲ್ಲಿ ಇದ್ದೇನೆ" ಅಂತ ತಾನಾಗಿ ಹೋಗುವ ಉತ್ತರ ಇಡಬಹುದು. ಅದು ಮೆಸೇಜ್ ಹಾಕಿದವರಿಗೆ ಮಾತ್ರ. ಕಾಲ್ ಮಾಡಿದವರಿಗೆ ಹೋಗುವುದಿಲ್ಲ.


ಪಿಜಿಯವರು (ಮಣಿಪಾಲ)

18 ರೂಮಿನ ಪಿಜಿ ನಡೆಸುತ್ತೇನೆ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಟಾಯ್ಲೆಟ್ ಬ್ಲಾಕ್ ಆದರೆ ಒಂಬತ್ತರೊಳಗೆ 18 ಹುಡುಗರ ಅಪ್ಪ ಅಮ್ಮಂದಿರಿಗೂ ವಿಷಯ ಗೊತ್ತಾಗಿರುತ್ತದೆ. ನಾನು ಒಬ್ಬರಿಗೆ ತಿಂಗಳಿಗೆ ಇಂತಿಷ್ಟು ಅಂತ ಕೊಡುತ್ತೇನೆ, ಕೆಲಸ ಇರಲಿ ಇಲ್ಲದಿರಲಿ. ಮಾಡಿದ ಕೆಲಸದ ಹಣ ಬೇರೆ. ತಿಂಗಳ ಹಣ ಫೋನ್ ಎತ್ತುವುದಕ್ಕೆ. ಗೆಳೆಯರು ನಗುತ್ತಾರೆ. ನಗಲಿ.


ಪೈಪ್‌ರೆಂಚ್

ಹೆಂಡತಿಯೋ ತಂಗಿಯೋ ಮನೆಯಲ್ಲಿ ಫೋನ್ ಹಿಡಿದು ಕೂರುವುದು ಎಲ್ಲರಿಗೂ ಆಗುವುದಿಲ್ಲ. ನನ್ನವಳು ಶಾಲೆಗೆ ಹೋಗುತ್ತಾಳೆ, ಪಾಠ ಮಾಡುವಾಗ ಫೋನ್ ಎತ್ತಲು ಅವಳಿಗೂ ಆಗುವುದಿಲ್ಲ.

ನಾನು ಮತ್ತು ಬ್ರಹ್ಮಾವರದ ಒಬ್ಬ ಗೆಳೆಯ ಒಂದು ಪ್ರಯೋಗ ಮಾಡಿದ್ದೆವು. ನನ್ನದು ಎತ್ತದಿದ್ದರೆ ಅವನಿಗೆ ಹೋಗುವುದು, ಅವನದ್ದು ನನಗೆ. ಎಲ್ಲರೂ "ಅವನು ನಿನ್ನ ಗಿರಾಕಿಯನ್ನು ಹೊಡೆದುಕೊಳ್ತಾನೆ" ಎಂದರು. ಹಾಗೆ ಆಗಲಿಲ್ಲ. ಆದದ್ದು ಬೇರೆಯೇ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವ, ಊರಿನ ಲಾಡ್ಜುಗಳೆಲ್ಲ ತುಂಬಿರುತ್ತವೆ. ಆ ವಾರ ಇಬ್ಬರಿಗೂ ಒಟ್ಟಿಗೇ ಕೆಲಸ. ನನಗೆ ಬಂದದ್ದು ಅವನಿಗೆ, ಅವನು ಎತ್ತದ್ದು ಮತ್ತೆ ನನಗೆ. ಗಿರಾಕಿ ಮಧ್ಯದಲ್ಲಿ ಚೆಂಡಿನ ಹಾಗೆ. ಒಬ್ಬರು ಲಾಡ್ಜಿನವರು ಸ್ಕೂಟರ್ ಹತ್ತಿ ನಾನು ಕೆಲಸ ಮಾಡುವ ಮನೆಗೇ ಬಂದು ಬಾಗಿಲು ಬಡಿದರು.

ಅದಕ್ಕೆ ಈಗ ನಮ್ಮಲ್ಲಿ ಸರದಿ. ವಾರದಲ್ಲಿ ಮೂರು ದಿನ ನಾನು ಎತ್ತುವವ, ಮೂರು ದಿನ ಅವನು. ಎತ್ತುವ ದಿನ ಗೋಡೆ ಒಡೆಯುವ ಕೆಲಸ ಇಟ್ಟುಕೊಳ್ಳುವುದಿಲ್ಲ, ವಾಷರ್, ಕಾಕ್, ಫ್ಲಶ್ ಟ್ಯಾಂಕಿನಂಥ ಸಣ್ಣ ಕೆಲಸ ಮಾತ್ರ. ಭಾನುವಾರ ಇಬ್ಬರೂ ಎತ್ತುವುದಿಲ್ಲ. ಮೀನಿನ ಊಟ ಮಾಡಿ ಮಲಗುವುದು. ಕೆಂಪುಕಲ್ಲು ಅವರು ಕ್ಷಮಿಸಬೇಕು.


ತುಂಬೆಯ ನೀರು (ಮಂಗಳೂರು)

ಎಲ್ಲರೂ ಕಾಲ್ ಎತ್ತುವ ಬಗ್ಗೆ ಹೇಳಿದಿರಿ. ಬರುವ ಕಾಲ್ ಕಡಿಮೆ ಮಾಡುವ ಬಗ್ಗೆ ನಾನು ಒಂದು ಹೇಳುತ್ತೇನೆ.

ನೇತ್ರಾವತಿಯಲ್ಲಿ ನೀರು ಇಳಿದು ತುಂಬೆ ಅಣೆಕಟ್ಟಿನಿಂದ ಬರುವ ನಗರದ ನೀರಿಗೆ ರೇಷನ್ ಆದ ಬೇಸಿಗೆಗಳು ನೆನಪುಂಟಲ್ಲ, 2019, 2023. ಆಗ ಪ್ಲಂಬರಿಗೆ ದಿನವಿಡೀ ಫೋನ್ ಬರುವುದಿಲ್ಲ. ನೀರು ಬಿಟ್ಟ ದಿನ ಬೆಳಗಿನ ಒಂದೆರಡು ತಾಸಿನೊಳಗೆ ಇಡೀ ಊರಿನ ಫೋನ್ ಒಟ್ಟಿಗೆ ಬರುತ್ತದೆ. ಕಾರಣ ಸರಳ. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನೀರು ಬಂದಾಗ ಮೊದಲು ಗಾಳಿ, ಅದರ ಹಿಂದೆ ಕೆಸರು, ತುಕ್ಕಿನ ಚೂರು. ಚೂರು, ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಒಂದೋ ನೀರು ಹತ್ತುವುದಿಲ್ಲ, ಇಲ್ಲವೇ ತುಂಬಿದ ಮೇಲೂ ನಿಲ್ಲುವುದಿಲ್ಲ. ಆ ಎರಡು ಗಂಟೆಯಲ್ಲಿ ಎಷ್ಟೇ ಕೈ ಇದ್ದರೂ ಎಲ್ಲ ಕಾಲ್ ಎತ್ತಲು ಸಾಧ್ಯ ಇಲ್ಲ.

ಹಾಗಾಗಿ 2023ರಲ್ಲಿ ನಾನು ಹಿಂದಿನ ರಾತ್ರಿಯೇ ನನ್ನ ಗಿರಾಕಿಗಳಿಗೆಲ್ಲ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಾ ಇದ್ದೆ. "ನಾಳೆ ನೀರು ಬರುವಾಗ ಮೊದಲ ಐದು ನಿಮಿಷ ಅಂಗಳದ ನಳ್ಳಿ ತೆರೆದಿಡಿ, ಗಾಳಿ ಕೆಸರು ಹೋಗಲಿ. ಆಮೇಲೆ ಸಂಪಿಗೆ ಬಿಡಿ." ಬಂದ ಕಾಲ್ ಅರ್ಧಕ್ಕೆ ಇಳಿದ ಹಾಗೆ ಅನಿಸಿತು. ಸಂಪಾದನೆ ಹೋಗಲಿಲ್ಲವಾ ಅಂತ ಕೇಳಬಹುದು. ಹೋಯಿತು, ಸ್ವಲ್ಪ. ಆದರೆ ಬೇರೆಯವರ ಗಿರಾಕಿಗಳಿಂದ ಬಂದ ಕಾಲ್ ಎತ್ತಲು ಸಮಯ ಸಿಕ್ಕಿತು.

ಮಳೆಗಾಲದ ಮೊದಲೂ ಹೀಗೆಯೇ ಮಾಡಬಹುದು. ಟೆರೇಸಿನ ಪೈಪಿನ ಬಾಯಿಯಲ್ಲಿ ಎಲೆ ಉಂಟಾ ಅಂತ ಮೇ ಕೊನೆಗೇ ನೋಡಲು ಹೇಳಿದರೆ ಜೂನಿನ ಮೊದಲ ದೊಡ್ಡ ಮಳೆಯ ರಾತ್ರಿ ನಿಮಗೂ ನಿದ್ದೆ ಬರುತ್ತದೆ.


ಮುಕ್ಕಾಲಿಂಚು

ಐದು ವಾರ ಬಿಟ್ಟು ಬರೆಯುತ್ತಾ ಇದ್ದೇನೆ. ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಕೀಪ್ಯಾಡ್ ಫೋನ್ ತೆಗೆದುಕೊಂಡೆ. ಅದನ್ನು ಹೆಲ್ಪರ್ ಹುಡುಗನ ಕೈಗೆ ಕೊಟ್ಟೆ. ಜಾಯಿಂಟ್ ಹಿಡಿಯುವುದು ನಾನು, ಫೋನ್ ಹಿಡಿಯುವುದು ಅವನು. ಮೊದಲ ದಿನವೇ ಒಬ್ಬರು ಡಾಕ್ಟರ್ ಮೇಡಂ ಫೋನ್ ಮಾಡಿ "ಎಲ್ಲಿದ್ದಾರೆ ಅವರು?" ಎಂದರಂತೆ. "ಅಣ್ಣ ಚಾ ಕುಡೀತಾ ಇದ್ದಾರೆ" ಎಂದ. ಸತ್ಯವೇ. ಆದರೆ ಎಲ್ಲ ಸತ್ಯ ಹೇಳಬೇಕಾಗಿಲ್ಲ ಅಂತ ಅವನಿಗೆ ಕಲಿಸಬೇಕಾಯಿತು. ಅಕ್ಕನ ಪ್ರಶ್ನೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಕೊಟ್ಟಿದ್ದೇನೆ. ಈಗ ಅವನೇ "ನೀರು ಹರೀತಾ ಉಂಟಾ ನಿಂತಿದೆಯಾ" ಅಂತ ನನಗಿಂತ ದೊಡ್ಡ ಸ್ವರದಲ್ಲಿ ಕೇಳುತ್ತಾನೆ. ಇನ್ನೊಂದು ವರ್ಷದಲ್ಲಿ ಸ್ವಂತ ಲೈನ್ ಶುರು ಮಾಡಿದರೆ ನನಗೆ ಆಶ್ಚರ್ಯ ಇಲ್ಲ.

"ಆಗುವುದಿಲ್ಲ" ಎನ್ನುವುದು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಐದು ಜನಕ್ಕೆ ಹೇಳಿದೆ. ಹೇಳುವ ಮೊದಲು ಪ್ರತಿ ಸಲ ಗಂಟಲು ಒಣಗಿತು. ಒಬ್ಬರು ಸಿಟ್ಟಾದರು. ಇಬ್ಬರು ಮರುವಾರ ಅವರಾಗಿಯೇ ಮತ್ತೆ ಮಾಡಿದರು. ಇನ್ನಿಬ್ಬರದ್ದು ಸುದ್ದಿ ಇಲ್ಲ. ಹೋದ ವಾರದ ಮಿಸ್ಡ್ 8, ವಾಪಸ್ ಮಾಡಿದ್ದು 8. ಸಾಲದವರಿಗೂ ಮಾಡಿಬಿಟ್ಟೆ, ಹುರುಪಿನಲ್ಲಿ.

ಕದ್ರಿಯ ಅಪಾರ್ಟ್‌ಮೆಂಟ್ ವಾಪಸ್ ಸಿಕ್ಕಿಲ್ಲ. ಖುದ್ದಾಗಿ ಹೋಗಿ ಸೆಕ್ರೆಟರಿಯನ್ನು ನೋಡಿದೆ. ಕೂರಿಸಿದರು, ಶರಬತ್ತು ಕೊಟ್ಟರು, ಕೆಲಸದ ಮಾತು ಎತ್ತಲಿಲ್ಲ. ಆದರೆ ಮೊನ್ನೆ ಬೆಳಿಗ್ಗೆ ಎಂಟಕ್ಕೆ ಅವರದ್ದೇ ಫೋನ್. ಹುಡುಗ ಓಡಿ ಬಂದು ನನ್ನ ಕಿವಿಗೆ ಹಿಡಿದ. ಬಿ ಬ್ಲಾಕಿನ ಲೈನ್ ಒಡೆದಿದೆ, ಹೊಸ ಪ್ಲಂಬರಿಗೆ ವಾಲ್ವ್ ಎಲ್ಲಿದೆ ಅಂತ ಸಿಗುತ್ತಾ ಇಲ್ಲ, ನಿಮಗೆ ಗೊತ್ತುಂಟಾ ಅಂತ ಕೇಳಿದರು. ನಾನೇ ಹಾಕಿದ ವಾಲ್ವ್. ಲಿಫ್ಟ್ ರೂಮಿನ ಹಿಂದೆ, ಮೂರು ವಾಲ್ವ್ ಸಾಲಾಗಿ ಇರುತ್ತದೆ, ನಡುವಿನದ್ದು, ಅದರ ಹಿಡಿ ಮುರಿದಿದೆ, ರೆಂಚಿನಲ್ಲಿ ತಿರುಗಿಸಬೇಕು ಎಂದೆ. ಫೋನ್ ಇಡಲಿಲ್ಲ, ಅವರು ಮೆಟ್ಟಿಲು ಹತ್ತುವುದು ಕೇಳಿಸುತ್ತಾ ಇತ್ತು. "ಹಾಂ, ನಿಂತಿತು" ಎಂದರು. ಥ್ಯಾಂಕ್ಸ್ ಹೇಳಿ ಇಟ್ಟರು.


ಗೋಳಿಬಜೆ

ಬಿಲ್ ಕಳಿಸಿದಿರಾ?


ಮುಕ್ಕಾಲಿಂಚು

ಇಲ್ಲ ಮಾರಾಯ್ರೆ. ದಾಕ್ಷಿಣ್ಯ.